ಗಳಿಸುವ ಕಾರು, ಕಲಿಸುವ ಕಾರು

ಎತ್ತರದ ಕ್ರಾಸೋವರ್‌ಗಳು ಷೋರೂಮನ್ನೂ ರಸ್ತೆಯನ್ನೂ ಆಳುತ್ತಿವೆ. ಓಡಿಸುವ ಖುಷಿಗೆಂದೇ ಹುಟ್ಟಿದ ಕಾರುಗಳು ಒಂದೊಂದಾಗಿ ಮರೆಯಾಗುತ್ತಿವೆ. ಇವೆರಡೂ ಒಂದನ್ನೊಂದು ಸಾಕಬಲ್ಲವು ಎಂಬುದನ್ನು ಬಲ್ಲ ಕಂಪನಿಗಳು ಗೆದ್ದಿವೆ. ಭಾರತದ ಕಾರು ತಯಾರಕರು ತಮ್ಮ ಮುಂದಿನ ಸಾಲನ್ನು ಹೇಗೆ ಜೋಡಿಸಬೇಕು?

2017ರ ಮಾರ್ಚ್‌ನಲ್ಲಿ ಮಾರುತಿ ಸುಜುಕಿ ‘ಬಲೆನೊ ಆರ್‌ಎಸ್’ ಎಂಬ ಕಾರನ್ನು ಬಿಡುಗಡೆ ಮಾಡಿತು. ಮೂರು ಸಿಲಿಂಡರಿನ ಒಂದು ಲೀಟರ್ ಬೂಸ್ಟರ್‌ಜೆಟ್ ಟರ್ಬೊ ಎಂಜಿನ್, 102 ಪಿಎಸ್ ಶಕ್ತಿ, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಮೈಲೇಜಿಗೆ ಹೆಸರಾದ ಕಂಪನಿ ಚಾಲಕನ ಉತ್ಸಾಹಕ್ಕೂ ಒಂದು ಕಾರು ಕಟ್ಟಿತಲ್ಲ ಎಂದು ಹಲವರು ಸಂತೋಷಪಟ್ಟರು. ಮೂರು ವರ್ಷ ತುಂಬುವ ಮೊದಲೇ, 2020ರ ಆರಂಭದಲ್ಲಿ, ಆ ಕಾರು ಷೋರೂಮಿನಿಂದ ಕೆಳಗಿಳಿಯಿತು.

2023ರಲ್ಲಿ ಅದೇ ಬೂಸ್ಟರ್‌ಜೆಟ್ ಮರಳಿ ಬಂತು. ಈ ಸಲ ಅದನ್ನು ಹೊತ್ತದ್ದು ಬಲೆನೊ ತಳಹದಿಯ ಮೇಲೇ ಎತ್ತರಿಸಿ ಕಟ್ಟಿದ ಕ್ರಾಸೋವರ್ ‘ಫ್ರಾಂಕ್ಸ್’. ಜನ ಮುಗಿಬಿದ್ದು ಕೊಂಡರು. 2024ರಲ್ಲಿ ಭಾರತದಲ್ಲಿ ತಯಾರಾದ ಫ್ರಾಂಕ್ಸ್ ಜಪಾನಿಗೂ ಹಡಗೇರಿತು. ಹ್ಯಾಚ್‌ಬ್ಯಾಕಿನಲ್ಲಿ ಸೋತ ಎಂಜಿನ್ ಕ್ರಾಸೋವರ್‌ನಲ್ಲಿ ಬದುಕಿತು. ಆದರೆ ಹಿಂದಿನ ಚಕ್ರಗಳ ಡಿಸ್ಕ್ ಬ್ರೇಕ್ ಮರಳಿ ಬರಲಿಲ್ಲ. ಅಲ್ಲಿ ಈಗ ಡ್ರಮ್ ಕೂತಿದೆ.

ಇಂದಿನ ಕಾರು ಉದ್ಯಮದ ದೊಡ್ಡ ಪ್ರಶ್ನೆ ಈ ಚಿಕ್ಕ ಕಥೆಯಲ್ಲೇ ಇದೆ. ಕ್ರಾಸೋವರ್ ಗಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆ ಗಳಿಕೆಯಲ್ಲಿ ಎಷ್ಟು ಪಾಲು ಒಳ್ಳೆಯ ಬ್ರೇಕಿಗೆ, ಒಳ್ಳೆಯ ಸಸ್ಪೆನ್ಷನ್‌ಗೆ, ಒಳ್ಳೆಯ ಸ್ಟೀರಿಂಗ್‌ಗೆ ಮರಳುತ್ತಿದೆ? ನನ್ನ ನಿಲುವು ಸರಳ. ಕಂಪನಿಯ ಸಾಲಿನಲ್ಲಿ ಗಳಿಸುವ ಕಾರೂ ಬೇಕು, ಕಲಿಸುವ ಕಾರೂ ಬೇಕು. ಮೊದಲನೆಯದು ಎರಡನೆಯದಕ್ಕೆ ಅನ್ನ ಹಾಕಬೇಕು. ಎರಡನೆಯದು ಕಲಿತದ್ದನ್ನು ಮೊದಲನೆಯದಕ್ಕೆ ಧಾರೆಯೆರೆಯಬೇಕು.

ಎತ್ತರ ಬಯಸಿದವರ ತಪ್ಪಿಲ್ಲ

ಕಾರುಪ್ರಿಯರಲ್ಲಿ ಅನೇಕರು ಕ್ರಾಸೋವರ್ ಕೊಳ್ಳುವವರನ್ನು ಹಗುರವಾಗಿ ಕಾಣುತ್ತಾರೆ. ಇದು ಸರಿಯಲ್ಲ. ಮಂಡಿನೋವಿನ ಅಜ್ಜಿ ಬಗ್ಗದೆ, ಏದುಸಿರು ಬಿಡದೆ ಸೀಟಿನಲ್ಲಿ ಕೂರಬೇಕು. ಅಳತೆಯಿಲ್ಲದೆ ಹಾಕಿದ ಹಂಪಿಗೆ ಗಾಡಿಯ ಹೊಟ್ಟೆ ತಾಗಬಾರದು. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಬೇಕು. ತೋಟದ ಮನೆಯ ಮಣ್ಣು ದಾರಿಯನ್ನೂ ಹತ್ತಬೇಕು. ಇಷ್ಟೆಲ್ಲ ಬೇಕಾದ ಕುಟುಂಬಕ್ಕೆ ಎತ್ತರದ ಕಾರು ಅಗತ್ಯವೇ ಹೊರತು ಶೋಕಿಯಲ್ಲ.

ಲಾರಿಯಂಥ ಚಾಸಿಯ ಮೇಲೆ ಕೂರಿಸಿದ ಹಳೆಯ ಎಸ್‌ಯುವಿಗೂ ಕ್ರಾಸೋವರ್‌ಗೂ ವ್ಯತ್ಯಾಸವಿದೆ. ಕ್ರಾಸೋವರ್ ಮೂಲತಃ ಕಾರೇ. ಕಾರಿನ ತಳಹದಿಯನ್ನು ಎತ್ತರಿಸಿ ಮೇಲೆ ದೊಡ್ಡ ಮೈ ಕಟ್ಟಿರುತ್ತಾರೆ. 1994ರಲ್ಲಿ ಟೊಯೊಟಾ ಆರ್‌ಎವಿ4, ಮರುವರ್ಷ ಹೋಂಡಾ ಸಿಆರ್-ವಿ ಈ ದಾರಿ ತೆರೆದವು. ಭಾರತದಲ್ಲಿ 2012ರ ರೆನೊ ಡಸ್ಟರ್, 2013ರ ಫೋರ್ಡ್ ಇಕೊಸ್ಪೋರ್ಟ್, 2015ರ ಹ್ಯುಂಡೈ ಕ್ರೆಟಾ, 2016ರ ಮಾರುತಿ ವಿಟಾರಾ ಬ್ರೆಜಾ, 2017ರ ಟಾಟಾ ನೆಕ್ಸಾನ್ ಒಂದರ ಬೆನ್ನಿಗೊಂದು ಬಂದು ಮಾರುಕಟ್ಟೆಯ ದಿಕ್ಕನ್ನೇ ಬದಲಿಸಿದವು. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಯುಟಿಲಿಟಿ ವಾಹನಗಳೇ ಸುಮಾರು 28 ಲಕ್ಷ, ಅಂದರೆ ಶೇ 65. 2024ರಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ಟಾಟಾ ಪಂಚ್. ದಶಕಗಳ ಕಾಲ ಮಾರುತಿಯದೇ ಆಗಿದ್ದ ಮೊದಲ ಸ್ಥಾನಕ್ಕೆ ಒಂದು ಪುಟ್ಟ, ಎತ್ತರದ ಗಾಡಿ ಏರಿ ಕೂತಿತು.

ಗ್ರಾಹಕರು ತೀರ್ಪು ಕೊಟ್ಟಾಗಿದೆ. ಆ ತೀರ್ಪನ್ನು ಒಪ್ಪಿಕೊಂಡೇ ಕಂಪನಿಗಳು ಚಾಲಕನಿಗೆ ಏನು ಮಾಡಬಲ್ಲವು ಎಂಬುದು ಇನ್ನುಳಿದ ಪ್ರಶ್ನೆ.

ಪೋರ್ಷೆ ಕಲಿಸಿದ ಪಾಠ

1990ರ ದಶಕದ ಆರಂಭದಲ್ಲಿ ಜರ್ಮನಿಯ ಪೋರ್ಷೆ ಕಂಪನಿ ಮುಳುಗುವ ಅಂಚಿನಲ್ಲಿತ್ತು. ಕೈಯಲ್ಲಿ ಜಗದ್ವಿಖ್ಯಾತ 911 ಇತ್ತು, ಗಲ್ಲಾ ಪೆಟ್ಟಿಗೆ ಬರಿದಾಗಿತ್ತು. ವೆಂಡಲಿನ್ ವೀಡೆಕಿಂಗ್ ಚುಕ್ಕಾಣಿ ಹಿಡಿದ ಮೇಲೆ 1996ರಲ್ಲಿ ಬಾಕ್ಸ್‌ಸ್ಟರ್ ಬಂತು, 2002ರಲ್ಲಿ ಕಯೆನ್ ಬಂತು. ಫೋಕ್ಸ್‌ವ್ಯಾಗನ್‌ನ ಟುವಾರೆಗ್ ಜತೆ ತಳಹದಿ ಹಂಚಿಕೊಂಡ ಕಯೆನ್ ನೋಡಿ ಪೋರ್ಷೆ ಅಭಿಮಾನಿಗಳು ಕೆಂಡಾಮಂಡಲವಾದರು. ಸ್ಪೋರ್ಟ್ಸ್ ಕಾರಿನ ಮನೆಯಲ್ಲಿ ಈ ದಢೂತಿಗೇನು ಕೆಲಸ ಎಂದರು.

ಇಪ್ಪತ್ತು ವರ್ಷಗಳ ನಂತರದ ಲೆಕ್ಕ ನೋಡಿ. 2023ರಲ್ಲಿ ಪೋರ್ಷೆ ಜಗತ್ತಿನಾದ್ಯಂತ ಸುಮಾರು 3.2 ಲಕ್ಷ ಕಾರುಗಳನ್ನು ಗ್ರಾಹಕರಿಗೆ ತಲುಪಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಯೆನ್ ಮತ್ತು ಅದರ ತಮ್ಮ ಮಕಾನ್. 911 ಸುಮಾರು 50 ಸಾವಿರ. ಎಸ್‌ಯುವಿ ಬಂದು 911 ಸಾಯಲಿಲ್ಲ. ಇನ್ನಷ್ಟು ಬಗೆಗಳಲ್ಲಿ, ಇನ್ನಷ್ಟು ಹರಿತವಾಗಿ ಬೆಳೆಯಿತು. ಕಯೆನ್ ತಂದ ಹಣವನ್ನು ಕಂಪನಿ ಸ್ಪೋರ್ಟ್ಸ್ ಕಾರಿನ ಮೇಲೆ ಸುರಿಯಿತು. ಸ್ಪೋರ್ಟ್ಸ್ ಕಾರು ಕಟ್ಟಿದವರ ಕೈಯೇ ಕಯೆನ್‌ನ ಸ್ಟೀರಿಂಗನ್ನೂ ಬ್ರೇಕನ್ನೂ ಹದ ಮಾಡಿತು. ಕಯೆನ್ ಓಡಿಸಿದವರಿಗೆ ‘ಇದು ಪೋರ್ಷೆಯೇ’ ಅನ್ನಿಸಿದ್ದು ಲಾಂಛನದಿಂದಲ್ಲ, ಆ ಹದದಿಂದ.

ಅದೇ ಪೋರ್ಷೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಗಳಿಸುವ ಕಾರನ್ನೇ ಜೂಜಿಗಿಡಬಾರದು. ಹೊಸ ಪೀಳಿಗೆಯ ಮಕಾನ್ ಬರೀ ವಿದ್ಯುತ್ ಕಾರಾಗಿ ಬಂತು. ಪೆಟ್ರೋಲ್ ಮಕಾನ್ 2024ರಲ್ಲಿ ಯುರೋಪಿನ ಒಕ್ಕೂಟದ ಮಾರುಕಟ್ಟೆಯಿಂದ ಹೊರನಡೆಯಿತು. ವಿದ್ಯುತ್ ಕಾರುಗಳ ಬೇಡಿಕೆ ನಿರೀಕ್ಷೆಯಷ್ಟು ಏರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತನ್ನ ಯೋಜನೆಯನ್ನೇ ತಿದ್ದಿ, ಕಯೆನ್‌ಗಿಂತ ಮೇಲಿನ ಹೊಸ ಎಸ್‌ಯುವಿಯನ್ನು ಮೊದಲು ಪೆಟ್ರೋಲ್ ಮತ್ತು ಪ್ಲಗ್-ಇನ್ ಹೈಬ್ರಿಡ್ ರೂಪದಲ್ಲೇ ತರುವುದಾಗಿ ಪ್ರಕಟಿಸಿತು. ಮನೆ ನಡೆಸುವ ಕಾರಿಗೆ ಯಾವತ್ತೂ ಎರಡು ದಾರಿ ತೆರೆದಿರಬೇಕು.

ಟೊಯೊಟಾ ಕಲಿತ ಪಾಠ

ಪೋರ್ಷೆ ಸಿರಿವಂತರ ಕಂಪನಿ, ಅದರ ಮಾತು ಬೇರೆ ಎನ್ನುವವರು ಟೊಯೊಟಾ ಕಡೆ ತಿರುಗಬೇಕು. ಸುಪ್ರಾ 2002ರಲ್ಲಿ, ಸೆಲಿಕಾ 2006ರಲ್ಲಿ, ಎಂಆರ್-ಎಸ್ 2007ರಲ್ಲಿ ನಿಂತವು. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗಳಲ್ಲೊಂದರ ಸಾಲಿನಲ್ಲಿ ಟೊಯೊಟಾ ಹೆಸರಿನ ಒಂದೇ ಒಂದು ಸ್ಪೋರ್ಟ್ಸ್ ಕಾರು ಉಳಿಯಲಿಲ್ಲ. ಲಾಭವಿತ್ತು, ಗುಣಮಟ್ಟವಿತ್ತು. ಓಡಿಸುವವನ ಎದೆ ಬಡಿತ ಮಾತ್ರ ಏರುತ್ತಿರಲಿಲ್ಲ.

ಅದನ್ನು ಬದಲಿಸಿದ್ದು 2009ರಲ್ಲಿ ಅಧ್ಯಕ್ಷರಾದ ಅಕಿಯೊ ಟೊಯೊಡಾ. ಕಂಪನಿಯ ಮುಖ್ಯ ಪರೀಕ್ಷಾ ಚಾಲಕ ಹಿರೊಮು ನರುಸೆ ಅವರ ಶಿಷ್ಯರಾಗಿ ಅಕಿಯೊ ಕಾರು ಓಡಿಸುವುದನ್ನು ಹೊಸದಾಗಿ ಕಲಿತರು. 2007ರಲ್ಲಿ ‘ಮೊರಿಜೊ’ ಎಂಬ ಹೆಸರಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ 24 ಗಂಟೆಗಳ ರೇಸಿನಲ್ಲಿ ಭಾಗವಹಿಸಿದರು. 2010ರಲ್ಲಿ ನರುಸೆ ಅದೇ ನ್ಯೂರ್ಬರ್ಗ್‌ರಿಂಗ್ ಸಮೀಪ ಪರೀಕ್ಷಾ ಓಡಾಟದ ವೇಳೆ ಅಪಘಾತದಲ್ಲಿ ತೀರಿಕೊಂಡರು. ಗುರು ಹೋದರು, ಪಾಠ ನಿಲ್ಲಲಿಲ್ಲ. 2012ರಲ್ಲಿ ಸುಬಾರು ಜತೆಗೂಡಿ 86, 2019ರಲ್ಲಿ ಬಿಎಂಡಬ್ಲ್ಯು ಜತೆಗೂಡಿ ಸುಪ್ರಾ, 2020ರಲ್ಲಿ ತನ್ನದೇ ಜಿಆರ್ ಯಾರಿಸ್ ಹೊರಬಂದವು. ಖರ್ಚು ಹಂಚಿಕೊಳ್ಳಲು ಎದುರಾಳಿಗಳ ಜತೆ ಕೈಜೋಡಿಸಲೂ ಟೊಯೊಟಾ ಹಿಂಜರಿಯಲಿಲ್ಲ.

ಜಿಆರ್ ಯಾರಿಸ್ ವಿಶ್ವ ರ‍್ಯಾಲಿ ಸ್ಪರ್ಧೆಯ ಗುಂಗಿನಲ್ಲಿ ಹುಟ್ಟಿದ ಕಾರು. ಮುಂಭಾಗದ ತಳಹದಿ ಚಿಕ್ಕ ಯಾರಿಸ್‌ನದು, ಹಿಂಭಾಗದ್ದು ಅದಕ್ಕಿಂತ ದೊಡ್ಡ ಕಾರುಗಳದ್ದು. 1.6 ಲೀಟರಿನ ಮೂರು ಸಿಲಿಂಡರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಗಳಿಗೆ ಶಕ್ತಿ. ಆ ಎಂಜಿನ್ ಅಲ್ಲಿಗೇ ನಿಲ್ಲಲಿಲ್ಲ. 2022ರಲ್ಲಿ ಜಿಆರ್ ಕೊರೊಲ್ಲಾ ಸೇರಿತು. 2024ರಲ್ಲಿ ಲೆಕ್ಸಸ್‌ನ ಪುಟ್ಟ ಕ್ರಾಸೋವರ್ ಎಲ್‌ಬಿಎಕ್ಸ್‌ನ ‘ಮೊರಿಜೊ ಆರ್‌ಆರ್’ ಮಾದರಿಗೆ 304 ಪಿಎಸ್ ಶಕ್ತಿಯೊಂದಿಗೆ ಬಂತು. ರ‍್ಯಾಲಿಯ ಕಲಿಕೆ ಹ್ಯಾಚ್‌ಬ್ಯಾಕಿಗೆ, ಅಲ್ಲಿಂದ ಕ್ರಾಸೋವರ್‌ಗೆ ಇಳಿಯಿತು. ಸಾಲು ಜೋಡಿಸುವ ಕ್ರಮ ಇದೇ.

ಬೆಂಗಳೂರಿನ ಮಗ್ಗುಲಲ್ಲೇ, ಬಿಡದಿಯಲ್ಲಿ ಟೊಯೊಟಾ ಹೈರೈಡರ್ ತಯಾರಾಗುತ್ತದೆ. ಅದೇ ಸ್ಥಾವರದಿಂದ ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಹೊರಬಂದಿದೆ. ಇಂಥ ಕ್ರಾಸೋವರ್‌ಗಳನ್ನು ಕನ್ನಡ ನಾಡಿನ ಕೈಗಳೇ ಕಟ್ಟುತ್ತಿರುವಾಗ, ಜಿಆರ್ ಕಲಿಕೆಯ ಒಂದು ಪಾಲು ಇಲ್ಲಿನ ಕಾರುಗಳ ಸಸ್ಪೆನ್ಷನ್‌ಗೂ ಇಳಿಯಲಿ ಎಂದು ಕೇಳುವ ಹಕ್ಕು ನಮಗಿದೆ.

ಸ್ಟಿಕ್ಕರ್ ಅಲ್ಲ, ಸಸ್ಪೆನ್ಷನ್

ಭಾರತದಲ್ಲಿ ‘ಸ್ಪೋರ್ಟ್’ ಹೆಸರಿನ ಮಾದರಿಗಳಿಗೆ ಬರವಿಲ್ಲ. ಕಪ್ಪು ಬಣ್ಣದ ಅಲಾಯ್ ಚಕ್ರ, ಸೀಟಿಗೆ ಕೆಂಪು ಹೊಲಿಗೆ, ಬಾಗಿಲಿಗೊಂದು ಲಾಂಛನ. ಒಳಗೆ ಅದೇ ಎಂಜಿನ್, ಅದೇ ಸ್ಪ್ರಿಂಗು, ಅದೇ ಟೈರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇಂಥ ಮಾದರಿಗಳು ಮೊದಲ ವರ್ಷ ಮಾರಾಟವಾಗುತ್ತವೆ, ಆಮೇಲೆ ಆ ಹೆಸರಿನ ಮೇಲಿನ ನಂಬಿಕೆಯನ್ನೇ ಕೊಲ್ಲುತ್ತವೆ.

ಕ್ರಾಸೋವರನ್ನು ನಿಜವಾಗಿ ಚುರುಕುಗೊಳಿಸುವುದು ಏಕೆ ಕಷ್ಟ? ಕಾರು ತಿರುವಿನಲ್ಲಿ ಹೊರಳಿದಾಗ ಅದರ ತೂಕ ಹೊರಬದಿಯ ಚಕ್ರಗಳ ಮೇಲೆ ವಾಲುತ್ತದೆ. ಗುರುತ್ವ ಕೇಂದ್ರ ಎತ್ತರವಾದಷ್ಟೂ ಈ ವಾಲುವಿಕೆ ಹೆಚ್ಚು. ಅದನ್ನು ತಡೆಯಲು ಸ್ಪ್ರಿಂಗ್ ಗಟ್ಟಿ ಮಾಡಿದರೆ ಗುಂಡಿ ಬಿದ್ದ ರಸ್ತೆಯಲ್ಲಿ ಸೊಂಟ ಮುರಿಯುತ್ತದೆ. ಮೆದು ಬಿಟ್ಟರೆ ಘಾಟಿಯ ತಿರುವಿನಲ್ಲಿ ಹಿಂದೆ ಕೂತವರಿಗೆ ವಾಂತಿ. ಈ ಎರಡರ ನಡುವಿನ ಹದ ಹಿಡಿಯುವುದು ಡ್ಯಾಂಪರಿನ ಕವಾಟ, ಆ್ಯಂಟಿ-ರೋಲ್ ಬಾರ್, ಬುಷ್, ಟೈರುಗಳ ಕೆಲಸ. ಜಾಹೀರಾತಿನಲ್ಲಿ ಇವು ಕಾಣುವುದಿಲ್ಲ. ಇವುಗಳ ಹಿಂದೆ ತಿಂಗಳುಗಟ್ಟಲೆ ಪರೀಕ್ಷಾ ಓಡಾಟವಿರುತ್ತದೆ.

ಈ ಸೂಕ್ಷ್ಮವನ್ನು ನೋಡಲು ಒಂದು ಜೋಡಿ ನಮ್ಮಲ್ಲೇ ಇದೆ. ಫೋಕ್ಸ್‌ವ್ಯಾಗನ್‌ನ ಟೈಗುನ್ ಕ್ರಾಸೋವರ್ ಮತ್ತು ವರ್ಟಸ್ ಸೆಡಾನ್ ಒಂದೇ ತಳಹದಿಯ ಮಕ್ಕಳು. ಚಕ್ರಗಳ ನಡುವಿನ ಅಂತರ ಎರಡರಲ್ಲೂ 2,651 ಮಿಲಿಮೀಟರ್. ಎರಡಕ್ಕೂ 150 ಪಿಎಸ್‌ನ ಅದೇ 1.5 ಲೀಟರ್ ಟರ್ಬೊ ಎಂಜಿನ್ ಸಿಗುತ್ತದೆ. ನೆಲದಿಂದ ಎತ್ತರ ಟೈಗುನ್‌ನಲ್ಲಿ 188 ಮಿಲಿಮೀಟರ್, ವರ್ಟಸ್‌ನಲ್ಲಿ 179. ಕೇವಲ ಒಂಬತ್ತು ಮಿಲಿಮೀಟರ್ ತಗ್ಗಿದರೂ, ಮೈ ಇಡೀ ಕೆಳಗೆ ಕೂತ ಸೆಡಾನ್ ತಿರುವಿನಲ್ಲಿ ಹೆಚ್ಚು ಸ್ಥಿರ. ನಮ್ಮ ಹಂಪುಗಳನ್ನು ದಾಟಬಲ್ಲ ಚಾಲಕನ ಕಾರು ಸಾಧ್ಯ ಎಂಬುದಕ್ಕೆ ವರ್ಟಸ್ ಸಾಕ್ಷಿ. ಕ್ರಾಸೋವರ್‌ಗೆ ಒಡಹುಟ್ಟಿದ ಕಾರಾದ್ದರಿಂದಲೇ ಅದು ಕೈಗೆಟುಕುವ ಬೆಲೆಗೆ ಬರಲು ಸಾಧ್ಯವಾಯಿತು ಎಂಬುದೂ ಮುಖ್ಯ.

ಹ್ಯುಂಡೈ ಇನ್ನೊಂದು ಮೆಟ್ಟಿಲು ತೋರಿಸಿತು. ಬಿಎಂಡಬ್ಲ್ಯುವಿನ ವೇಗದ ಕಾರುಗಳ ‘ಎಂ’ ವಿಭಾಗದಲ್ಲಿ ಪಳಗಿದ ಆಲ್ಬರ್ಟ್ ಬೀರ್‌ಮನ್ 2015ರಲ್ಲಿ ಹ್ಯುಂಡೈ ಸೇರಿದರು. 2017ರಲ್ಲಿ ಐ30 ಎನ್, 2021ರಲ್ಲಿ ಕೋನಾ ಎನ್ ಬಂದವು. 280 ಪಿಎಸ್ ಶಕ್ತಿಯ ಕೋನಾ ಎನ್ ಪೂರ್ತಿ ಕ್ರಾಸೋವರ್, ಪೂರ್ತಿ ಚಾಲಕನ ಕಾರು. ಭಾರತಕ್ಕೆ ಬಂದದ್ದು ಅದರ ಕೆಳಗಿನ ಮೆಟ್ಟಿಲಾದ ಎನ್ ಲೈನ್. 2021ರ ಐ20 ಎನ್ ಲೈನ್‌ಗೆ ಗಟ್ಟಿ ಡ್ಯಾಂಪರ್, ಹಿಂದೆಯೂ ಡಿಸ್ಕ್ ಬ್ರೇಕ್, ಬೇರೆ ದನಿಯ ಎಕ್ಸಾಸ್ಟ್ ಕೊಟ್ಟರು. 2024ರ ಕ್ರೆಟಾ ಎನ್ ಲೈನ್‌ನಲ್ಲಿ 160 ಪಿಎಸ್ ಟರ್ಬೊಗೆ ಆರು ಗೇರಿನ ಮ್ಯಾನ್ಯುಯಲ್ ಕೂಡ ಇಟ್ಟರು. ಶಕ್ತಿ ಹೆಚ್ಚಲಿಲ್ಲ, ಕೈಗೂ ಕಾಲಿಗೂ ಕೆಲಸ ಹೆಚ್ಚಿತು. ಆರಂಭವಾಗಿ ಇದು ಒಳ್ಳೆಯದು, ಗುರಿಯಾಗಿ ಸಾಲದು.

ರೇಸ್ ಟ್ರ್ಯಾಕ್ ಅಲ್ಲ, ಕಾಫಿ ತೋಟದ ದಾರಿ

ಪರ್ಫಾರ್ಮೆನ್ಸ್ ಕಾರೆಂದರೆ ನೆಲಕ್ಕಂಟಿಕೊಂಡು ಓಡಬೇಕು ಎಂಬ ಕಲ್ಪನೆ ನುಣುಪಾದ ರೇಸ್ ಟ್ರ್ಯಾಕಿನಿಂದ ಬಂದದ್ದು. ನಮ್ಮ ರಸ್ತೆಗೆ ಬೇಕಾದ ಗುರು ಬೇರೆ ಕಡೆ ಇದ್ದಾನೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ವರ್ಷಗಳಿಂದ ರ‍್ಯಾಲಿಗಳು ನಡೆಯುತ್ತಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳೂ ಚಿಕ್ಕಮಗಳೂರಿನಲ್ಲಿ ನಡೆದಿವೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದದ್ದು ನಮ್ಮ ಗೌರವ್ ಗಿಲ್.

ಮಣ್ಣು ದಾರಿಯ ರ‍್ಯಾಲಿ ಕಾರು ಎತ್ತರಕ್ಕೇ ನಿಂತಿರುತ್ತದೆ. ಆದರೂ ಗಾಳಿಯಂತೆ ತಿರುಗುತ್ತದೆ. ಸಸ್ಪೆನ್ಷನ್‌ಗೆ ಮೇಲೆ ಕೆಳಗೆ ಚಲಿಸಲು ಉದ್ದದ ಅವಕಾಶ, ಪ್ರತಿ ಏಟನ್ನೂ ಒಮ್ಮೆಗೇ ನುಂಗಿ ಚಕ್ರವನ್ನು ತಕ್ಷಣ ನೆಲಕ್ಕೆ ಮರಳಿಸುವ ಡ್ಯಾಂಪರ್, ಹಗುರ ಮೈ: ಗುಟ್ಟು ಇಷ್ಟೇ. ನಮ್ಮ ಪರ್ಫಾರ್ಮೆನ್ಸ್ ಕ್ರಾಸೋವರ್‌ಗೆ ಬೇಕಾದ ಸೂತ್ರವೂ ಇದೇ. ಕಾರನ್ನು ತಗ್ಗಿಸಬೇಕಿಲ್ಲ, ಅದರ ಕಾಲುಗಳನ್ನು ಬುದ್ಧಿವಂತವಾಗಿಸಬೇಕು.

ಜಗತ್ತಿನ ಘಟಾನುಘಟಿಗಳೂ ಈ ದಿಕ್ಕಿಗೆ ತಿರುಗಿದರು. 2022ರಲ್ಲಿ ಪೋರ್ಷೆ 911ನ್ನು 50 ಮಿಲಿಮೀಟರ್ ಎತ್ತರಿಸಿ ‘911 ಡಕಾರ್’ ಮಾಡಿ 2,500 ಕಾರುಗಳಿಗೆ ಮಿತಿ ಹಾಕಿತು. ಅದೇ ವರ್ಷ ಲಂಬೋರ್ಗಿನಿ ತನ್ನ ಉರಾಕಾನ್ ಸೂಪರ್ ಕಾರನ್ನು 44 ಮಿಲಿಮೀಟರ್ ಎತ್ತರಿಸಿ ‘ಸ್ಟೆರಾಟೊ’ ಎಂದು ಹೆಸರಿಟ್ಟು 1,499 ಕಾರು ಕಟ್ಟಲು ಹೊರಟಿತು. ಎತ್ತರವೂ ಚುರುಕೂ ಒಟ್ಟಿಗೆ ಬಾಳಬಲ್ಲವು. ಮಹೀಂದ್ರಾ ಕಂಪನಿ ಹಿಂದೆ ‘ಸೂಪರ್ ಎಕ್ಸ್‌ಯುವಿ500’ ಎಂಬ ರ‍್ಯಾಲಿ ಗಾಡಿ ಕಟ್ಟಿ ಗೌರವ್ ಗಿಲ್ ಕೈಗೆ ಕೊಟ್ಟು ಗೆದ್ದಿತ್ತು. ಆ ಗಾಡಿಯ ಡ್ಯಾಂಪರಿನ ಪಾಠ ಷೋರೂಮಿನ ಕಾರಿಗೂ ಒಂದು ಮಾದರಿಯಾಗಿ ಇಳಿಯಬೇಕಿತ್ತು. ಈಗಲೂ ಕಾಲ ಮೀರಿಲ್ಲ.

ತೆರಿಗೆ ತೆರೆದ ಕಿಂಡಿ

ಕೈಗೆಟುಕುವ ವೇಗದ ಕಾರುಗಳನ್ನು ಭಾರತ ಹಲವು ಸಲ ಪ್ರಯತ್ನಿಸಿದೆ. 2015ರಲ್ಲಿ ಫಿಯೆಟ್ ಸುಮಾರು 10 ಲಕ್ಷಕ್ಕೆ 145 ಪಿಎಸ್‌ನ ಅಬಾರ್ತ್ ಪುಂಟೊ ತಂದಿತು. 2018ರಲ್ಲಿ ಟಾಟಾ, ಕೊಯಮತ್ತೂರಿನ ಜಯೆಮ್ ಆಟೊಮೋಟಿವ್ಸ್ ಜತೆಗೂಡಿ ಟಿಯಾಗೊ ಜೆಟಿಪಿ, ಟಿಗೊರ್ ಜೆಟಿಪಿ ಕಟ್ಟಿತು. 114 ಪಿಎಸ್, ಆರಂಭ ಬೆಲೆ 6.39 ಲಕ್ಷ. 2020ರಲ್ಲಿ ಬಿಎಸ್6 ಮಾಲಿನ್ಯ ನಿಯಮ ಬರುವ ಹೊತ್ತಿಗೆ ಎಲ್ಲವೂ ಮುಗಿದಿದ್ದವು. ಕಾರು ಕೆಟ್ಟದ್ದಿತ್ತೆಂದು ಸೋತದ್ದಲ್ಲ. ಕೆಲವೇ ಕಾರುಗಳಿಗಾಗಿ ಹೊಸ ನಿಯಮಕ್ಕೆ ಎಂಜಿನ್ ಮಾರ್ಪಡಿಸುವ ಖರ್ಚು ಹುಟ್ಟಲಿಲ್ಲ. ಲಕ್ಷಗಟ್ಟಲೆ ಮಾರಾಟವಾಗುವ ಕ್ರಾಸೋವರ್ ಅದೇ ಹದದ ಎಂಜಿನ್ ಹೊತ್ತಿದ್ದರೆ ಆ ಖರ್ಚು ಹಂಚಿಹೋಗುತ್ತಿತ್ತು. ಫ್ರಾಂಕ್ಸ್‌ನಲ್ಲಿ ಬೂಸ್ಟರ್‌ಜೆಟ್ ಬದುಕಿದ್ದು ಹಾಗೆಯೇ.

ಈಗ ತೆರಿಗೆಯೂ ಅನುಕೂಲವಾಗಿದೆ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್ ಒಳಗಿನ ಕಾರುಗಳಿಗೆ ರಿಯಾಯಿತಿ ಸಿಕ್ಕಿದಂದಿನಿಂದ ನಮ್ಮ ಕಾರುಗಳ ಆಕಾರವನ್ನು ನಿರ್ಧರಿಸುತ್ತಿರುವುದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮತ್ತು 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18, ಅದನ್ನು ಮೀರಿದ್ದಕ್ಕೆ ಶೇ 40. ತೆರಿಗೆಗೆ ಮುಂಚೆ 8 ಲಕ್ಷದ ಕಾರೊಂದನ್ನು ತೆಗೆದುಕೊಳ್ಳಿ. ಮೊದಲನೆಯ ಗುಂಪಿಗೆ ಸೇರಿದರೆ ತೆರಿಗೆ 1.44 ಲಕ್ಷ, ಎರಡನೆಯದಕ್ಕೆ ಸೇರಿದರೆ 3.20 ಲಕ್ಷ. ನಡುವಿನ 1.76 ಲಕ್ಷದಲ್ಲಿ ಒಳ್ಳೆಯ ಡ್ಯಾಂಪರ್, ಹಿಂದಿನ ಡಿಸ್ಕ್, ಹಿಡಿತದ ಟೈರು ಎಲ್ಲವೂ ಬಂದು ಇನ್ನೂ ಹಣ ಉಳಿಯುತ್ತದೆ. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒದ 1.2 ಲೀಟರ್ ಟರ್ಬೊ ಎಂಜಿನ್ 131 ಪಿಎಸ್ ಕೊಡುತ್ತಿದೆ. ಹೃದಯ ಸಿದ್ಧವಿದೆ, ಕೈಕಾಲು ಜೋಡಿಸುವುದೊಂದೇ ಬಾಕಿ.

ಬೇಡಿಕೆ ಇಲ್ಲ ಎಂಬ ಹಳೆಯ ನೆಪವೂ ಈಗ ನಿಲ್ಲದು. 2025ರಲ್ಲಿ ಸುಮಾರು 50 ಲಕ್ಷ ಬೆಲೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 100 ಕಾರುಗಳಷ್ಟೇ ಬಂದವು. ಅಷ್ಟೂ ಬುಕಿಂಗ್‌ನಲ್ಲೇ ಮುಗಿದವು. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐನ ಮೊದಲ ಕಂತೂ ಹಾಗೇ ಖಾಲಿಯಾಯಿತು. 50 ಲಕ್ಷ ಕೊಡಬಲ್ಲವರಿಗೆ ದಾರಿಯಿದೆ. 12-15 ಲಕ್ಷ ಕೂಡಿಟ್ಟು ಒಂದೇ ಕಾರಿನಲ್ಲಿ ಸಂಸಾರವನ್ನೂ ಸಂತೋಷವನ್ನೂ ಸಾಗಿಸಬೇಕಾದ ಯುವಕ ಯುವತಿಯರ ಮುಂದೆ ಆಯ್ಕೆಗಳು ತೀರಾ ಕಡಿಮೆ.

ವಿದ್ಯುತ್ ಬಂದ ಮೇಲೆ

2001ರಲ್ಲಿ ಬೆಂಗಳೂರಿನ ರೇವಾ ಪುಟ್ಟ ವಿದ್ಯುತ್ ಕಾರಿನೊಂದಿಗೆ ರಸ್ತೆಗಿಳಿಯಿತು. 2010ರಲ್ಲಿ ಅದನ್ನು ಕೊಂಡ ಮಹೀಂದ್ರಾ, 2024ರ ನವೆಂಬರ್‌ನಲ್ಲಿ 286 ಪಿಎಸ್ ತನಕ ಶಕ್ತಿಯ ಬಿಇ 6 ಅನಾವರಣ ಮಾಡಿತು. 100 ಕಿ.ಮೀ. ವೇಗ ಮುಟ್ಟಲು 6.7 ಸೆಕೆಂಡು ಸಾಕು ಎನ್ನುತ್ತದೆ ಕಂಪನಿ. ನೇರ ರಸ್ತೆಯ ವೇಗ ಈಗ ಅಗ್ಗವಾಗಿದೆ. ಆದ್ದರಿಂದಲೇ ಬರೀ ವೇಗ ಮಾರಿ ಗೆಲ್ಲುವ ಕಾಲ ಮುಗಿಯಿತು. ಭಾರದ ಬ್ಯಾಟರಿ ಹೊತ್ತ ಗಾಡಿಯನ್ನು ನಿಲ್ಲಿಸುವುದು, ತಿರುಗಿಸುವುದು, ಚಾಲಕನ ಕೈಗೆ ರಸ್ತೆಯ ಸುದ್ದಿ ಮುಟ್ಟಿಸುವುದು ಹೊಸ ಸವಾಲು. 2023ರ ಹ್ಯುಂಡೈ ಐಯಾನಿಕ್ 5 ಎನ್ 650 ಪಿಎಸ್ ತನಕ ಶಕ್ತಿ ಕೊಡುತ್ತದೆ. ಅದರ ಹೆಸರು ಉಳಿದದ್ದು ಮಾತ್ರ ಬ್ರೇಕಿನ ದೃಢತೆ, ತಿರುವಿನ ಚುರುಕು, ಗೇರು ಬದಲಿಸಿದ ಅನುಭವ ಕೊಡುವ ತಂತ್ರಾಂಶ ಇವುಗಳಿಂದ. ವಿದ್ಯುತ್ ಯುಗದಲ್ಲೂ ಕಲಿಸುವ ಕಾರು ಬೇಕೇ ಬೇಕು.

ಸಾಲು ಹೀಗಿರಲಿ

ಮೊದಲ ಮೆಟ್ಟಿಲು, ಕುಟುಂಬದ ಕ್ರಾಸೋವರ್. ಪೆಟ್ರೋಲ್, ಹೈಬ್ರಿಡ್, ವಿದ್ಯುತ್ ಎಲ್ಲಕ್ಕೂ ಜಾಗವಿರುವ ತಳಹದಿ. ಟರ್ಬೊ ಕೊಟ್ಟ ಕಾರಿಗೆ ನಾಲ್ಕೂ ಡಿಸ್ಕ್ ಬ್ರೇಕ್ ಕಡ್ಡಾಯವಾಗಿ ಕೊಡಬೇಕು.

ಎರಡನೆಯ ಮೆಟ್ಟಿಲು, ಅದೇ ಕ್ರಾಸೋವರ್‌ನ ನಿಜವಾದ ಚಾಲಕ ಮಾದರಿ. ಡ್ಯಾಂಪರ್, ಬ್ರೇಕ್, ಟೈರು, ಸ್ಟೀರಿಂಗ್ ಬದಲಾಗದಿದ್ದರೆ ಅದಕ್ಕೆ ಸ್ಪೋರ್ಟ್ ಹೆಸರು ಇಡಬಾರದು. ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಆಯ್ಕೆ ಇರಲೇಬೇಕು. ಬಿಡಿಭಾಗಗಳು ಹುಬ್ಬಳ್ಳಿಯ, ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲೂ ಸಿಗಬೇಕು.

ಮೂರನೆಯ ಮೆಟ್ಟಿಲು, ಅದೇ ಎಂಜಿನ್, ಅದೇ ತಳಹದಿಯಿಂದ ಹುಟ್ಟಿದ ಒಂದು ತಗ್ಗು ಮೈಯ ಹಗುರ ಕಾರು. ಕಡಿಮೆ ಸಂಖ್ಯೆಯಲ್ಲಿ ಬರಲಿ, ರ‍್ಯಾಲಿಗೆ ಇಳಿಯಲಿ. ಅದರ ಲೆಕ್ಕವನ್ನು ಮಾರಾಟದಿಂದ ಅಳೆಯದೆ, ಎಂಜಿನಿಯರುಗಳು ಅದರಿಂದ ಕಲಿತದ್ದರಿಂದ ಅಳೆಯಬೇಕು. ಮುಖ್ಯವಾಗಿ, ಎರಡು ವರ್ಷಕ್ಕೆ ಕೈಬಿಡದೆ ಒಂದು ಪೀಳಿಗೆಯಾದರೂ ನಡೆಸಬೇಕು. ಅಭಿಮಾನ ಬೆಳೆಯಲು ಸಮಯ ಬೇಕು.

ಕಾರು ಕೊಳ್ಳುವ ನಮ್ಮದೂ ಒಂದು ಕರ್ತವ್ಯವಿದೆ. ಷೋರೂಮಿಗೆ ಹೋದಾಗ ಪರದೆ ಎಷ್ಟು ಇಂಚು, ಸನ್‌ರೂಫ್ ಇದೆಯೇ ಎಂದು ಕೇಳುವ ಮೊದಲು ಹಿಂದಿನ ಬ್ರೇಕ್ ಯಾವುದು, ಸ್ಪೋರ್ಟ್ ಮಾದರಿಯ ಸಸ್ಪೆನ್ಷನ್‌ನಲ್ಲಿ ಏನು ಬದಲಾಗಿದೆ, ಟೈರು ಯಾವುದು ಎಂದು ಕೇಳಬೇಕು. ಟೆಸ್ಟ್ ಡ್ರೈವ್ ಅನ್ನು ಷೋರೂಮಿನ ಮುಂದಿನ ಸಿಗ್ನಲ್ ತನಕ ಮುಗಿಸದೆ, ಕೆಟ್ಟ ರಸ್ತೆಗೂ ತಿರುವಿಗೂ ಒಯ್ಯಬೇಕು. ಗ್ರಾಹಕರು ಕೇಳಿದ್ದನ್ನು ಕಂಪನಿಗಳು ಕೊಟ್ಟೇ ಕೊಡುತ್ತವೆ. ನಾವು ಎತ್ತರ ಕೇಳಿದೆವು, ಕೊಟ್ಟರು. ಇನ್ನು ಹದವನ್ನೂ ಕೇಳೋಣ, ಅದಕ್ಕೆ ಬೆಲೆ ಕೊಡಲೂ ಸಿದ್ಧರಿರೋಣ.